ಹಕ್ಕಿಗಳಿಗಂತ ಬಿತ್ತೋ ಕಾಳು: ಕೊರಲೆನಾ, ಬರಗಾ, ಊದಲಾ?

ಮೊದಲೇ ಹೇಳ್ಬಿಡ್ತೀನಿ, ಈ ಮೂರು ಸಿರಿಧಾನ್ಯದಲ್ಲಿ ನನ್ನ ಓಟು ಕೊರಲೆಗೆ. ಬರಗನ್ನ ನಂಬಿ ಒಂದು ಇಡೀ ಸೀಸನ್ ಕೈ ಸುಟ್ಕೊಂಡ ಮೇಲೆ ಬಂದ ತೀರ್ಮಾನ ಇದು. ನಾನು ಬಿತ್ತೋದು ಕೊಯ್ಯೋಕಲ್ಲ, ಕಾಡಂಚಿನ ಕಾಲು ಎಕರೆಯಲ್ಲಿ ಕಾಳು ಬಲಿತು ಅಲ್ಲೇ ಉದುರಿ ಬೆಳವ, ಲಾವಕ್ಕಿ, ಗುಬ್ಬಿ ತಿನ್ಲಿ ಅಂತ, ಹಾಗಾಗಿ ಇಳುವರಿ ಮಾತು ಇಲ್ಲಿ ಬರಲ್ಲ. ಬೇರೆಯವರಿಗೆ ಕಾಳು ಉದುರೋದು ನಷ್ಟ, ನಮಗೆ ಬೇಕಾಗಿರೋದೇ ಅದು.

ಬರಗು ಯಾಕೆ ಹಾಕ್ದೆ ಅಂದ್ರೆ ಕಾಳು ದುಂಡಗೆ, ನುಣ್ಣಗೆ ಹೊಳೀತಾ ಇರುತ್ತೆ, ಹಕ್ಕಿಗಳು ಇಷ್ಟಪಟ್ಟು ತಿನ್ನೋದನ್ನ ಕಣ್ಣಾರೆ ನೋಡಿದ್ದೆ, ಮೇಲಾಗಿ ಎಪ್ಪತ್ತು ಎಂಬತ್ತು ದಿನಕ್ಕೆ ಕೈಗೆ ಬರೋ ಬೆಳೆ. ಎರಚಿ ಬಿತ್ತಿದೆ, ಒಂದು ಸೆಂಟಿಮೀಟರ್ ಆಳಕ್ಕೆ ಹೋಗೋ ಹಾಗೆ ಮೇಲೆ ಮುಳ್ಳುಕೊಂಬೆ ಎಳೆದೆ, ಮೊಳಕೆ ಚೆನ್ನಾಗಿ ಬಂತು, ಮೊಣಕಾಲುದ್ದ ಆಗೋವರೆಗೂ ಯಾವ ತಕರಾರೂ ಇರ್ಲಿಲ್ಲ. ಆಮೇಲೆ ಎಲೆ ಸ್ವಲ್ಪ ಹಳದಿ ತಿರುಗಿದಂಗೆ ಕಾಣ್ತು ಅಂತ ಯೂರಿಯಾ ಎರಚಿದೆ. ತಪ್ಪಾಗಿದ್ದು ಅಲ್ಲೇ.

ಬರಗಿಗೆ ಬೇರು ಆಳಕ್ಕೆ ಹೋಗಲ್ಲ. ಯೂರಿಯಾದಲ್ಲಿರೋ ಸಾರಜನಕ ಜಾಸ್ತಿ ಸಿಕ್ಕಿದ್ರೆ ಕಾಂಡ ಉದ್ದಕ್ಕೆ ಬೆಳೆದು ಮೆತ್ತಗಾಗುತ್ತೆ, ತುದಿಯಲ್ಲಿ ತೆನೆ ಭಾರ ಬೇರೆ. ಕಾಳು ಹಾಲುಗಟ್ಟಿ ಗಟ್ಟಿಯಾಗ್ತಾ ಇದ್ದಾಗ ಒಂದು ರಾತ್ರಿ ಗಾಳಿ ಮಳೆ ಬಂತು ನೋಡಿ, ಬೆಳಿಗ್ಗೆ ಹೋದ್ರೆ ಇಡೀ ಪಟ್ಟಿ ಒಂದೇ ದಿಕ್ಕಿಗೆ ಚಾಪೆ ಹಾಸಿದಂಗೆ ಮಲಗಿತ್ತು. ಎದ್ದೇಳುತ್ತೇನೋ ಅಂತ ನಾಲ್ಕು ದಿನ ಕಾದೆ, ಏಳಲಿಲ್ಲ. ಕೈ ಹಾಕಿ ಒಂದು ಹಿಡಿ ಎತ್ತಿ ನೋಡಿದ್ರೆ ಕೆಳಗಡೆ ಬಿಸಿ ಬಿಸಿ, ಮುಗ್ಗಲು ವಾಸನೆ, ಮಣ್ಣಿಗೆ ತಾಗಿದ್ದ ತೆನೆಗಳಲ್ಲಿ ಕಾಳು ತೆನೆಯಲ್ಲಿದ್ದ ಹಾಗೇ ಬಿಳೀ ಬೇರು ಬಿಟ್ಟಿತ್ತು.

ಕಾಳು ನೆಲಕ್ಕೇ ತಾನೇ ಬಿದ್ದಿರೋದು, ತಿಂತಾವೆ ಬಿಡು ಅಂದ್ಕೊಂಡೆ. ತಿನ್ನಲಿಲ್ಲ. ಬೆಳವ ಕೋಳಿ ತರ ಕಾಲಲ್ಲಿ ಕೆದಕಿ ತಿನ್ನೋ ಹಕ್ಕಿ ಅಲ್ಲ, ಬರೀ ನೆಲದ ಮೇಲೆ ಕಣ್ಣಿಗೆ ಕಾಣೋ ಕಾಳನ್ನ ಹೆಕ್ಕುತ್ತೆ ಅಷ್ಟೆ, ಹುಲ್ಲಿನ ರಾಶಿ ಕೆಳಗೆ ಮೂಟೆ ಕಾಳಿದ್ರೂ ಅದಕ್ಕೆ ಇಲ್ಲದ ಹಾಗೇ. ಲಾವಕ್ಕಿ ಸ್ವಲ್ಪ ಕೆದಕುತ್ತೆ, ಆದ್ರೆ ಅದಕ್ಕೂ ಕಾಂಡಗಳ ಮಧ್ಯೆ ಓಡಾಡೋಕೆ ದಾರಿ ಬೇಕು, ಮೇಲೆ ಮರೆ ಬೇಕು, ಮಲಗಿದ ಬರಗಿನಲ್ಲಿ ಎರಡೂ ಇಲ್ಲ. ಅಂಚಿನಲ್ಲಿ ಉಳಿದಿದ್ದ ನಾಲ್ಕು ತೆನೆ ಮೇಲೆ ಗುಬ್ಬಿಗಳು ಕೂತು ತಿಂದಿದ್ದು ಬಿಟ್ರೆ ಮಿಕ್ಕಿದ್ದೆಲ್ಲ ಕೊಳೀತು. ಹಕ್ಕಿಗೆ ಅಂತ ಬಿತ್ತಿದ ಕಾಳು ಹಕ್ಕಿಗೆ ಸಿಗದೆ ಹೋದಾಗ ಆಗೋ ಸಂಕಟ ಬೆಳೆ ಹೋದ ಸಂಕಟಕ್ಕಿಂತ ಕಮ್ಮಿಯೇನಲ್ಲ.

ಯೂರಿಯಾ ಹಾಕದೇ ಇದ್ದಿದ್ರೆ? ಮುಂದಿನ ಸಲ ಒಂದು ಸಣ್ಣ ತುಂಡಲ್ಲಿ ಹಾಕದೇನೇ ನೋಡ್ದೆ, ಅರ್ಧಕ್ಕರ್ಧ ನಿಂತಿತ್ತು. ಅಂದ್ರೆ ಬರಗು ಕೆಟ್ಟದ್ದಲ್ಲ, ಅದಕ್ಕೆ ಕಾಯೋ ಮನುಷ್ಯ ಬೇಕು.

ಅದೇ ಸಲ ಪಕ್ಕದಲ್ಲಿ ಕೊರಲೆ ಹಾಕಿದ್ದೆ. ಎಕರೆಗೆ ಒಂಬತ್ತು ಹತ್ತು ಕೆಜಿ ಲೆಕ್ಕದಲ್ಲಿ ಎರಚಿದ್ದು, ಗೊಬ್ಬರ ಏನೂ ಇಲ್ಲ. ಸುಮಾರು ಎರಡು ತಿಂಗಳಿಗೆ ಕಾಳು. ಎತ್ತರ ಎರಡು ಮೂರು ಅಡಿ, ಮಳೆಗೆ ಬಾಗಿದ್ರೂ ಪೂರ್ತಿ ಮಲಗಲಿಲ್ಲ, ಒಂದೇ ಸಲಕ್ಕೆ ಬಲಿಯದೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಉದುರ್ತಾ ಇತ್ತು. ಒಂದಿನ ಮಂಡಿಯೂರಿ ಕೂತು ಬುಡದಲ್ಲಿ ನೋಡ್ದೆ, ಮೇಲೆ ಎಲೆ ಚಪ್ಪರ, ಕೆಳಗೆ ಬರೀ ಮಣ್ಣು, ಆ ಮಣ್ಣಲ್ಲಿ ಸಣ್ಣ ಸಣ್ಣ ಮೂರುಬೆರಳಿನ ಹೆಜ್ಜೆ, ಸುತ್ತ ಒಡೆದ ಹೊಟ್ಟು. ಆವತ್ತೇ ಮನಸ್ಸು ಕೊರಲೆ ಕಡೆ ಹೋಯ್ತು. 1915ರಲ್ಲಿ ಇಂಡಿಯಾದಿಂದ ಅಮೆರಿಕಾಗೆ ಹೋದ ಬೆಳೆ ಇದು, ಅಲ್ಲೀಗ ಲಾವಕ್ಕಿ, ಬೆಳವಕ್ಕೆ ಅಂತಾನೇ ಬಿತ್ತುತಾರೆ. ಉದುರಿದ ಕಾಳು ಮುಂದಿನ ಮಳೆಗೆ ನೆಲ ಸ್ವಲ್ಪ ಕೆದಕಿದ್ರೆ ತಾನೇ ಹುಟ್ಟುತ್ತೆ, ಬೀಜದ ಖರ್ಚು ಉಳೀತು. ಆದ್ರೆ ಪಕ್ಕದಲ್ಲಿ ಬೇರೆಯವರ ಹೊಲ ಇದ್ರೆ ಅವರಿಗೆ ಅದೇ ಕಳೆ ಆಗುತ್ತೆ, ಮಧ್ಯೆ ಜಾಗ ಬಿಟ್ಟು ಬಿತ್ತಿ.

ಊದಲು ತಗ್ಗಿಗೆ, ಜೌಗಿಗೆ. ಪೈರು ಎತ್ತರಕ್ಕೆ ಬಂದ ಮೇಲೆ ಕಾಲಡಿ ನೀರು ನಿಂತರೂ ತಡ್ಕೊಳ್ಳುತ್ತೆ, ತಲೆ ಮುಳುಗಬಾರ್ದು ಅಷ್ಟೆ, ಬಾತುಕೋಳಿ ಬರೋ ಜಾಗ ಆದ್ರೆ ಇದೇ ಸರಿ. ನನಗೆ ಕಷ್ಟ ಆಗಿದ್ದು ಕಳೆ ಕೀಳೋದ್ರಲ್ಲಿ. ಬೇರೆ ಹುಲ್ಲುಗಳಲ್ಲಿ ಎಲೆ ಕಾಂಡಕ್ಕೆ ಸೇರೋ ಕಡೆ ಒಂದು ತೆಳು ಪೊರೆನೋ ಕೂದಲಿನ ಅಂಚೋ ಇರುತ್ತೆ, ಊದಲಿಗೆ ಅದು ಇರಲ್ಲ, ಅದನ್ನ ನೋಡಿ ಗುರುತು ಹಿಡೀಬಹುದು, ಆದ್ರೆ ಅದರದ್ದೇ ಜಾತಿಯ ಕಾಡುಹುಲ್ಲಿಗೂ ಇರಲ್ಲ, ಅವೆರಡನ್ನ ಎಳೇದ್ರಲ್ಲಿ ಬೇರೆ ಮಾಡೋಕೆ ನನ್ನ ಕಣ್ಣಿಗೆ ಆಗ್ಲಿಲ್ಲ.

ಸಜ್ಜೆ ಆಳೆತ್ತರ ಹೋಗುತ್ತೆ, ತೆನೆ ಮೇಲೆ ಕೂರೋ ಹಕ್ಕಿಗೆ ಹಬ್ಬ, ನೆಲದ ಹಕ್ಕಿಗೆ ತಡವಾಗಿ ಸಿಗುತ್ತೆ.

ನಾನು ಹೋಗೋದು ವಾರಕ್ಕೊಂದು ಸಲ, ಔಷಧಿ ಹೊಡೆಯಲ್ಲ, ಟ್ರ್ಯಾಕ್ಟರ್ ಇಲ್ಲ, ಬೀಜಕ್ಕೆ ಜಾಸ್ತಿ ದುಡ್ಡು ಹಾಕೋ ಸ್ಥಿತೀಲೂ ಇಲ್ಲ, ಅದಕ್ಕೇ ಕೊರಲೆ. ದಿನಾ ಪಟ್ಟಿ ಹತ್ರ ಹೋಗೋರಾದ್ರೆ, ಮಣ್ಣು ಸಾಧಾರಣ ಇದ್ರೆ, ಬರಗು ಧೈರ್ಯವಾಗಿ ಹಾಕಿ, ಯೂರಿಯಾ ಮಾತ್ರ ಬೇಡ. ಈ ಸಲ ಕೊರಲೆನ ಮೂರು ಪಟ್ಟಿ ಮಾಡಿ ಹದಿನೈದು ದಿನಕ್ಕೊಂದರಂತೆ ಬಿತ್ತಿದ್ದೀನಿ, ಮೊದಲನೇದು ಬಲಿತ ಮೇಲೆ ಅದರಲ್ಲಿ ಎರಡು ಸಾಲು ಕುಡುಗೋಲಲ್ಲಿ ಕೊಯ್ದು ಹುಲ್ಲು ಪಕ್ಕಕ್ಕೆ ಎಳೆದು ಬೆಳವಕ್ಕೆ ಬರೀ ನೆಲ ಮಾಡ್ಕೊಡ್ತೀನಿ, ಮಿಕ್ಕಿದ್ದು ಲಾವಕ್ಕಿಗೆ ನಿಂತಿರ್ಲಿ. ತಗ್ಗಿನ ಮೂಲೆಗೆ ಒಂದು ಹಿಡಿ ಊದಲು ಎರಚಿದ್ದೀನಿ, ಅಲ್ಲಿ ಕಳೆ ಕೀಳೋಕೆ ಹೋಗಲ್ಲ.