ಮೂರು ಅಂತಸ್ತಿನ ಮಣ್ಣಿನ ಕಾಂಪೋಸ್ಟ್ ಮಡಕೆ: ನಾಲ್ಕು ಮಳೆಗಾಲ ಕಳೆದ ಮೇಲಿನ ಅಭಿಪ್ರಾಯ

ಮನೆಯಲ್ಲೇ ಹಸಿ ಕಸವನ್ನು ಗೊಬ್ಬರ ಮಾಡುವ ಮಣ್ಣಿನ ಮಡಕೆಗಳ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಕೊಂಡ ಮೊದಲ ತಿಂಗಳೊಳಗೆ ಬರೆದಂಥವು; ಮೊದಲ ತಿಂಗಳಲ್ಲಿ ಯಾವ ಮಡಕೆಯೂ ತೊಂದರೆ ಕೊಡುವುದಿಲ್ಲ. ಬಸವನಗುಡಿಯ ನಮ್ಮ ಮನೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿರುವ ಮಡಕೆ ನಾಲ್ಕು ಮಳೆಗಾಲ ಕಂಡಿದೆ, ಮೂವರ ಅಡುಗೆಮನೆಯ ಕಸವನ್ನು ಇವತ್ತಿಗೂ ಅರಗಿಸಿಕೊಳ್ಳುತ್ತಿದೆ. ಮಡಕೆ ಒಳ್ಳೆಯದು, ಅದರ ಜೊತೆಗೆ ಮಾರುವ ಪುಡಿ ಬೇಡ ಎಂಬುದೇ ನನ್ನ ಅಭಿಪ್ರಾಯದ ತಿರುಳು.

ರಚನೆ ಸರಳವಾಗಿದೆ. ಒಂದರ ಮೇಲೊಂದು ಕೂರುವ ಮೂರು ಮಡಕೆಗಳಲ್ಲಿ ಮೇಲಿನ ಎರಡಕ್ಕೆ ಗಟ್ಟಿ ತಳವಿಲ್ಲ, ಆ ಜಾಗದಲ್ಲಿ ಹಗ್ಗದ ಹೆಣಿಗೆಯಿದೆ. ಮೇಲಿನದು ತುಂಬಿದಾಗ ಅದನ್ನು ನಡುವಿಗೆ ಇಳಿಸಿ, ಖಾಲಿ ಇರುವುದನ್ನು ಮೇಲಕ್ಕೆ ಇಡಬೇಕು. ಅದು ತುಂಬುವ ಹೊತ್ತಿಗೆ ನಡುವಿನ ಕಸ ಅರ್ಧಕ್ಕೂ ಕೆಳಗೆ ಕುಸಿದಿರುತ್ತದೆ, ಅದನ್ನು ಅಡಿಯ ಮಡಕೆಗೆ ಸುರಿದು ಮಾಗಲು ಬಿಡಬೇಕು. ಮೆರುಗು ಹಚ್ಚದ ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಗೆ ಆರಿಸುವುದರಿಂದ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಆಗಾಗ ಬಸಿದು ಚೆಲ್ಲಬೇಕಾದ ಕಪ್ಪು ರಸದ ಕಾಟ ಇದರಲ್ಲಿ ಬಹುಮಟ್ಟಿಗೆ ಇಲ್ಲ. ಬೆಂಗಳೂರಿನ ಹವೆಗೆ ಮಣ್ಣೇ ಸರಿಯಾದ ವಸ್ತು ಎಂದು ನನಗನ್ನಿಸುವುದು ಇದೇ ಕಾರಣಕ್ಕೆ.

ಇನ್ನು ಪುಡಿಯ ವಿಷಯ. ಕಾಂಪೋಸ್ಟ್ ಸರಿಯಾಗಿ ಆಗಬೇಕಾದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ ಇವುಗಳಲ್ಲಿ ಸಾರಜನಕವೂ ನೀರೂ ಹೆಚ್ಚು. ಆದ್ದರಿಂದ ಪ್ರತಿ ಸಲವೂ ಒಣಗಿದ, ಕಂದು ಬಣ್ಣದ ಏನನ್ನಾದರೂ ಬೆರೆಸಲೇಬೇಕು. ಇದಕ್ಕೆ ಮಾರುವವರು ಕೊಡುವ ಉತ್ತರವೆಂದರೆ ಸೂಕ್ಷ್ಮಾಣು ಬೆರೆಸಿದ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಅದೊಂದು ಅನುಕೂಲವೇ. ಆದರೆ ಮಳೆಗಾಲದಲ್ಲಿ ಹಿಡಿದ ನೀರನ್ನು ಬಿಡದೆ ಇಡೀ ಮಡಕೆಯನ್ನು ಕೆಸರು ಮಾಡುತ್ತದೆ. ಲಿಗ್ನಿನ್ ಎಂಬ, ಮರಕ್ಕೆ ಗಡಸುತನ ಕೊಡುವ ಅಂಶ ಹೆಚ್ಚಿರುವುದರಿಂದ ತಾನೂ ಬೇಗ ಕೊಳೆಯುವುದಿಲ್ಲ. ಇದರ ಮೇಲೆ ತಿಂಗಳು ತಿಂಗಳು ತಪ್ಪದ ಖರ್ಚು.

ತರಗೆಲೆ ಇದಕ್ಕಿಂತ ಎಷ್ಟೋ ಮೇಲು, ಅದಕ್ಕೆ ಕಾಸೂ ಬೇಕಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಹೊಂಗೆ, ಮಹಾಗನಿ, ಮಳೆಮರಗಳು ಎಲೆ ಉದುರಿಸುವಾಗ ಪೌರಕಾರ್ಮಿಕರು ಗುಡಿಸಿ ರಾಶಿ ಹಾಕಿರುತ್ತಾರೆ. ಕೇಳಿದರೆ ಸಂತೋಷದಿಂದಲೇ ಚೀಲ ತುಂಬಿಕೊಡುತ್ತಾರೆ. ಆ ರಾಶಿಗೆ ಯಾರೋ ಬೆಂಕಿಯಿಟ್ಟು ಬೀದಿಯೆಲ್ಲ ಹೊಗೆ ಮಾಡುವುದಕ್ಕಿಂತ ಅದು ನಮ್ಮ ಬಾಲ್ಕನಿಯಲ್ಲಿರುವುದು ವಾಸಿ. ಮಳೆಮರದ ಎಲೆ ಸಣ್ಣದಾಗಿರುವುದರಿಂದ ಮುರಿಯುವ ಕೆಲಸವೂ ಇಲ್ಲ. ಮಾವಿನ ಎಲೆ ಮಾತ್ರ ತೊಗಲಿನಂತೆ ಬಹಳ ಕಾಲ ಹಾಗೆಯೇ ಉಳಿಯುತ್ತದೆ. ಸೂಕ್ಷ್ಮಾಣುವಿಗಾಗಿ ಬಾಟಲಿ ಕೊಳ್ಳುವುದು ಬೇಕಿಲ್ಲ: ಹುಳಿ ಮಜ್ಜಿಗೆ ಚಿಮುಕಿಸಬಹುದು, ಇಲ್ಲವೇ ಅಡಿಯ ಮಡಕೆಯಿಂದ ಒಂದು ಹಿಡಿ ಹಳೆಯ ಗೊಬ್ಬರ ಹಾಕಿದರೆ ಸಾಕು.

ಮಡಕೆಗೆ ನಿಜವಾದ ಪರೀಕ್ಷೆ ಬರುವುದು ಅವರೆಕಾಯಿ ಕಾಲದಲ್ಲಿ. ಅವರೆಯ ಸೊಟ್ಟೆಯಿಂದ ತೊಂದರೆಯಿಲ್ಲ; ಅದು ದಪ್ಪಗಿದ್ದು ನಡುವೆ ಗಾಳಿ ಆಡಲು ಬಿಡುತ್ತದೆ. ಆದರೆ ಹಿತಕಿದ ಬೇಳೆ ಮಾಡಿದ ದಿನ ಬರುವ ಒದ್ದೆ ಸಿಪ್ಪೆ ಒಂದಕ್ಕೊಂದು ಅಂಟಿ ಹೊದಿಕೆ ಕಟ್ಟಿಬಿಡುತ್ತದೆ, ಅದರ ಕೆಳಗೆ ಗಾಳಿ ಇಲ್ಲದೆ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಕೋಲಿನಿಂದ ಆ ಪದರವನ್ನು ಒಡೆದು, ಎರಡು ಬೊಗಸೆ ಎಲೆ ಸೇರಿಸಿ ಕಲಕಿದರೆ ನಾತ ಹೋಗುತ್ತದೆ. ಮೂಗಿಗೆ ಅಮೋನಿಯದ ಘಾಟು ಬಡಿದರೆ ಸಾರಜನಕ ಅತಿಯಾಗಿದೆ ಎಂದರ್ಥ; ಅದಕ್ಕೂ ಮದ್ದು ಎಲೆಯೇ.

ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಗೋಡೆ ಆರುವುದೇ ಇಲ್ಲ. ಹೊರಮೈಗೆ ಪಾಚಿ ಹತ್ತುತ್ತದೆ, ಒಳಗೆ ಹುಳುಗಳಾಗುತ್ತವೆ. ಇವು ಬಹುಪಾಲು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿಹುಳುಗಳು. ರೋಗ ಹರಡುವ ಮನೆನೊಣದವಲ್ಲ, ಕಸವನ್ನು ಬಲು ಬೇಗ ತಿಂದು ಮುಗಿಸುವಂಥವು. ಆದರೆ ಕೋಶಕಟ್ಟುವ ಹಂತಕ್ಕೆ ಬಂದಾಗ ಕಂದು ಬಣ್ಣಕ್ಕೆ ತಿರುಗಿ, ಒಣ ಜಾಗ ಹುಡುಕುತ್ತ ಮಡಕೆಯ ತೂತುಗಳಿಂದ ಹೊರಬಂದು ಗೋಡೆ ಹತ್ತುತ್ತವೆ, ಪಕ್ಕದ ಮನೆಯ ಬಾಗಿಲಿಗೂ ಹೋಗುತ್ತವೆ. ಅವು ಉಪಕಾರಿಗಳೆಂದು ನೆರೆಯವರಿಗೆ ವಿವರಿಸಿ ಫಲವಿಲ್ಲ. ತೂತುಗಳಿಗೆ ಒಳಗಿನಿಂದ ಸಣ್ಣ ಕಣ್ಣಿನ ಜಾಲರಿ ಅಂಟಿಸಿ, ಮೇಲೆ ಎಲೆಯ ದಪ್ಪ ಪದರ ಇಟ್ಟ ಮೇಲೆ ನಮ್ಮಲ್ಲಿ ದೂರು ನಿಂತಿತು. ಈ ಜಾಲರಿಯನ್ನು ಮಾರುವವರೇ ಹಾಕಿ ಕೊಡಬಹುದಿತ್ತು.

ಬಾಳಿಕೆಯ ಬಗ್ಗೆ ಎರಡು ದೂರುಗಳಿವೆ. ತಳದ ನಾರಿನ ಹಗ್ಗ ಎರಡನೇ ವರ್ಷಕ್ಕೇ ಕೊಳೆತು ಜೋತುಬಿತ್ತು. ನೈಲಾನ್ ಹಗ್ಗ ಕಟ್ಟಿದ ಮೇಲೆ ಗಟ್ಟಿಯಾಗಿದೆ. ಮುಚ್ಚಳ ಒಡೆದಾಗ ಮಾರಿದವರು ಬಿಡಿ ಭಾಗ ಕೊಡುವುದಿಲ್ಲ, ಪೂರ್ತಿ ಸೆಟ್ಟೇ ಕೊಳ್ಳಬೇಕು ಎಂದರು; ಕೊನೆಗೆ ಪಾಟರಿ ಟೌನ್‌ನಲ್ಲಿ ಅಳತೆ ಕೊಟ್ಟು ಬೇರೆ ಮುಚ್ಚಳ ಮಾಡಿಸಿದೆ, ಅದು ಮೊದಲಿನದಕ್ಕಿಂತ ಚೆನ್ನಾಗಿ ಕೂರುತ್ತದೆ.

2012ರಲ್ಲಿ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಭೂಭರ್ತಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ಕೊಳೆತದ್ದನ್ನೂ, 2014ರಲ್ಲಿ ಅಂಥದೇ ಇನ್ನೊಂದು ಊರಾದ ಮಂಡೂರಿನ ಜನ ನಗರದ ಕಸ ಸಾಕೆಂದು ಪ್ರತಿಭಟಿಸಿದ್ದನ್ನೂ ಕಂಡವರಿಗೆ ಹಸಿ ಕಸ ಮನೆಯಲ್ಲೇ ಉಳಿಯುವುದರ ಬೆಲೆ ಗೊತ್ತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶದಿಂದ ಬಂದ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಹಸಿ ಕಸಕ್ಕಿರುವ ನಮ್ಮ ಹಸಿರು ಬುಟ್ಟಿಗೆ ಈಗ ಕೆಲಸವೇ ಕಡಿಮೆ. ನಾನು ಎಣಿಸದಿದ್ದ ಲಾಭ ಒಣ ಕಸದ್ದು: ಸಾರು, ಮೊಸರು ಸೋಕದ ಕಾಗದ, ರಟ್ಟು, ಹಾಲಿನ ಕವರು ವಿಂಗಡಿಸುವವರ ಕೈಗೆ ಮಾರಬಲ್ಲ ವಸ್ತುವಾಗಿ ತಲುಪುತ್ತವೆ.

ಮೂರು ನಾಲ್ಕು ಜನರ, ಬಾಲ್ಕನಿಯಲ್ಲಿ ಗಿಡಗಳಿರುವ ಮನೆಗೆ ಈ ಮಡಕೆ ಸಾಕು. ಆರು ಜನರಿದ್ದರೆ ಎರಡು ಸೆಟ್ ಬೇಕಾಗುತ್ತದೆ. ತುಂಬಿದ ಮಡಕೆ ಭಾರವಾಗಿರುವುದರಿಂದ ಎತ್ತಿ ಇಳಿಸಲು ಗಟ್ಟಿ ಕೈ ಇರಬೇಕು. ವಯಸ್ಸಾದವರಿಬ್ಬರೇ ಇರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಕೊಳ್ಳುವುದಾದರೆ ಫೆಬ್ರವರಿಯಲ್ಲಿ ಕೊಳ್ಳಿ, ಆಗ ಎಲೆ ಧಾರಾಳವಾಗಿ ಸಿಗುತ್ತದೆ. ಮೂರು ನಾಲ್ಕು ಗೋಣಿ ತುಂಬಿ ಮಳೆ ತಾಗದ ಕಡೆ ಇಟ್ಟುಕೊಂಡರೆ ಮುಂದಿನ ಸುಗ್ಗಿಯವರೆಗೆ ಬರುತ್ತದೆ.