ಆರು ವರ್ಷ, ಮೂರು ಬೆಲೆಪಟ್ಟಿ: ಒಂದು ಡೇಟಾಬೇಸ್ ಟೂಲ್ ಬಳಸಿದ ಅನುಭವ

ಟೂಲ್‌ನ ಹೆಸರು ಹೇಳುವುದಿಲ್ಲ. ಡೇಟಾಬೇಸ್ ಕೆಲಸಕ್ಕೆ ದುಡ್ಡು ಕೊಟ್ಟು ತಗೊಳ್ಳುವ ಒಂದು ಡೆಸ್ಕ್‌ಟಾಪ್ ಕ್ಲೈಂಟ್ ಅಂದುಕೊಳ್ಳಿ. ಆರು ವರ್ಷ ದಿನಾ ಬಳಸಿದ್ದೇನೆ. ಅಷ್ಟೂ ವರ್ಷದಲ್ಲಿ ಅದು ಕ್ರ್ಯಾಶ್ ಆಗಿದ್ದನ್ನು ಬೆರಳಲ್ಲಿ ಎಣಿಸಬಹುದು. ಕೆಲಸದ ವಿಷಯದಲ್ಲಿ ನನ್ನದು ಐದಕ್ಕೆ ಐದು ಸ್ಟಾರ್. ಹಾಗಿದ್ದೂ ಈಗ ಎರಡೇ ಕೊಡ್ತಿದ್ದೇನೆ.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ಪ್ರೊಡಕ್ಷನ್, ಅಂದರೆ ಗ್ರಾಹಕರು ಬಳಸುತ್ತಿರುವ ಅಸಲಿ ಡೇಟಾಬೇಸ್‌ನ ಕನೆಕ್ಷನ್ ತೆರೆದರೆ ಇಡೀ ವಿಂಡೋಗೆ ಕೆಂಪು ಅಂಚು ಬರುತ್ತದೆ. ಒಂದು ಸಲ ನಿದ್ದೆಗಣ್ಣಲ್ಲಿ ವೇರ್ (ಯಾವ ಸಾಲು ಅಂತ ಹೇಳುವ ಷರತ್ತು) ಇಲ್ಲದ ಡಿಲೀಟ್ ಓಡಿಸಲು ಹೋಗಿದ್ದೆ. ತಡೆದು ನಿಲ್ಲಿಸಿ, ಎಷ್ಟು ಸಾಲು ಹೋಗುತ್ತವೆ ಅಂತ ತೋರಿಸಿ, ನಿಜವಾಗಲೂ ಬೇಕಾ ಅಂತ ಕೇಳಿತು. ಕೆಲಸ ಉಳಿಯಿತು. ಸ್ಕೀಮಾ ಹೋಲಿಕೆ, ಅಂದರೆ ಎರಡು ಡೇಟಾಬೇಸ್‌ಗಳ ರಚನೆ ಹೋಲಿಸುವುದು, ಇನ್ನೂ ಚೆನ್ನಾಗಿದೆ. ಸ್ಟೇಜಿಂಗ್ (ಪರೀಕ್ಷೆಗೆ ಇಟ್ಟ ಪ್ರತಿ) ಮತ್ತು ಪ್ರೊಡಕ್ಷನ್ ಎರಡನ್ನೂ ಅಕ್ಕಪಕ್ಕ ಇಟ್ಟು, ಹುಡುಕಾಟ ಬೇಗ ಮಾಡುವ ಇಂಡೆಕ್ಸ್ ಎಲ್ಲಿ ಕಾಣೆಯಾಗಿದೆ ಅನ್ನುವುದನ್ನು ಬಣ್ಣದಲ್ಲೇ ತೋರಿಸುತ್ತದೆ. ಇಷ್ಟು ನೀಟಾಗಿ ಮಾಡುವ ಇನ್ನೊಂದು ಟೂಲ್ ನನಗೆ ಸಿಕ್ಕಿಲ್ಲ.

ನಾನು ಮೊದಲು ಕೊಂಡಾಗ ಲೆಕ್ಕ ಸರಳವಾಗಿತ್ತು. ಒಂದೇ ಸಲ ದುಡ್ಡು, ಒಂದು ವರ್ಷ ಅಪ್‌ಡೇಟ್, ಆಮೇಲೆ ಕೈಯಲ್ಲಿರುವ ಆವೃತ್ತಿ ಶಾಶ್ವತವಾಗಿ ನಮ್ಮದು. ಮೂರನೇ ವರ್ಷ ತಿಂಗಳ ಚಂದಾ ಶುರುವಾಯಿತು. ನಾನು ಗೊಣಗಲಿಲ್ಲ. ಟೂಲ್ ಮಾಡುವವರಿಗೂ ತಿಂಗಳು ತಿಂಗಳು ಸಂಬಳ ಆಗಬೇಕಲ್ವಾ? ಒಂದೇ ಸಲ ಮಾರುವ ಕಂಪನಿಗೆ ಹೊಸ ಆವೃತ್ತಿ ಮಾರಲೇಬೇಕು, ಅದಕ್ಕೋಸ್ಕರ ಯಾರೂ ಕೇಳದ ಫೀಚರ್ ಸುಮ್ನೆ ತುರುಕುವುದೂ ಉಂಟು. ಚಂದಾ ಇದ್ದರೆ ಕುಳಿತು ಬಗ್ ಸರಿಮಾಡುತ್ತಾರೆ ಅಂದುಕೊಂಡೆ. ಮಾಡಿದರು ಕೂಡ.

ಮೂರನೆಯ ಪಟ್ಟಿ ಬಂದದ್ದು ಹೋದ ವರ್ಷ. ‘ನಿಮಗಾಗಿ ಇನ್ನಷ್ಟು ಸರಳ ಪ್ಲ್ಯಾನ್‌ಗಳು’ ಅಂತ ಮೇಲ್. ಸರಳ ಅನ್ನುವ ಪದ ಕಂಡರೆ ಈಗ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತೇನೆ. ಅಷ್ಟುದ್ದದ ಮೇಲ್‌ನಲ್ಲಿ ಬೆಲೆ ಎಲ್ಲೂ ಇರಲಿಲ್ಲ. ಲಿಂಕ್ ಒತ್ತಿ, ಎಷ್ಟು ಜನ ಅಂತ ತುಂಬಿಸಿದರೆ ಆಮೇಲೆ ಕಾಣುತ್ತಿತ್ತು. ನಮ್ಮ ಏಳು ಜನರ ಟೀಮ್‌ಗೆ ಹಿಂದಿನದರ ಎರಡೂವರೆ ಪಟ್ಟು. ಸೇವ್ ಮಾಡಿದ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು) ಟೀಮ್ ಜೊತೆ ಹಂಚಿಕೊಳ್ಳುವುದು ಮೊದಲು ಚಂದಾದಲ್ಲೇ ಇತ್ತು, ಈಗ ಮೇಲಿನ ಪ್ಲ್ಯಾನ್‌ಗೆ ಹೋಗಿತ್ತು. ಎಐ ಸಹಾಯಕನಿಗೆ ಬೇರೆ ಕ್ರೆಡಿಟ್ ಕೊಳ್ಳಬೇಕು. ಒಂದೊಂದು ಪ್ರಶ್ನೆಗೂ ಅವರಿಗೆ ಸರ್ವರ್ ಖರ್ಚು ಇದೆ, ಒಪ್ಪುತ್ತೇನೆ. ಆದರೆ ಮಿತಿಯಿಲ್ಲ ಅಂತ ಮಾರಿದ್ದೂ ಅವರೇ.

ಇದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಸಿಟ್ಟು ಬಂದದ್ದು ಲ್ಯಾಪ್‌ಟಾಪ್ ಬದಲಿಸಿದಾಗ. ಚಂದಾ ಬೇಡ, ನನ್ನ ಹಳೇ ಶಾಶ್ವತ ಲೈಸೆನ್ಸ್‌ನಲ್ಲೇ ಇರೋಣ ಅಂತ ಹಳೇ ಆವೃತ್ತಿ ಹಾಕಿದೆ. ಕೀ ಕೊಟ್ಟೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸಪೋರ್ಟ್‌ಗೆ ಬರೆದರೆ ಎರಡು ದಿನಕ್ಕೆ ಉತ್ತರ: ಆ ಆವೃತ್ತಿಯ ಕೀ ಪರಿಶೀಲಿಸುವ ಆ್ಯಕ್ಟಿವೇಶನ್ ಸರ್ವರ್ ನಿಲ್ಲಿಸಿದ್ದೇವೆ, ಹೊಸ ಪ್ಲ್ಯಾನ್‌ಗೆ ಬಂದರೆ ಮೊದಲ ಮೂರು ತಿಂಗಳು ರಿಯಾಯಿತಿ. ಅಂದರೆ ನನ್ನ ಶಾಶ್ವತದ ಆಯಸ್ಸು ಹಳೇ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಇರುವಷ್ಟೇ. ಜುಟ್ಟು ಮೊದಲಿಂದಲೂ ಅವರ ಕೈಯಲ್ಲೇ ಇತ್ತು, ಎಳೆದಾಗ ಗೊತ್ತಾಯಿತು.

ಬೆಲೆ ಬದಲಿಸುವುದರಲ್ಲೂ ರೀತಿ ಇದೆ. 2015ರಲ್ಲಿ ಕೋಡ್ ಬರೆಯುವ ಟೂಲ್‌ಗಳನ್ನು ಮಾಡುವ ಜೆಟ್‌ಬ್ರೈನ್ಸ್ ಚಂದಾಕ್ಕೆ ಹೋಗುತ್ತೇವೆ ಅಂದಾಗ ಡೆವಲಪರ್‌ಗಳು ತಿರುಗಿಬಿದ್ದರು. ಕಂಪನಿ ಕೆಲವೇ ವಾರಗಳಲ್ಲಿ ನಿಯಮ ತಿದ್ದಿತು. ಸತತ 12 ತಿಂಗಳು ಕಟ್ಟಿದ್ದರೆ, ಆಮೇಲೆ ನಿಲ್ಲಿಸಿದರೂ ಒಂದು ಆವೃತ್ತಿ ನಿಮ್ಮ ಬಳಿಯೇ ಉಳಿಯುತ್ತದೆ. 2021ರ ಆಗಸ್ಟ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಅನ್ನುವ ಡೆವಲಪರ್ ಟೂಲ್ ದೊಡ್ಡ ಕಂಪನಿಗಳಿಗೆ ದುಡ್ಡು ಕೇಳಿತು. ಆದರೆ 250ಕ್ಕಿಂತ ಕಡಿಮೆ ಜನ ಮತ್ತು 1 ಕೋಟಿ ಡಾಲರ್‌ಗಿಂತ ಕಡಿಮೆ ವರಮಾನ ಇರುವವರನ್ನು ಬಿಟ್ಟಿತು, ಉಳಿದವರಿಗೆ 2022ರ ಜನವರಿ ಕೊನೆಯವರೆಗೆ ಸಮಯ ಕೊಟ್ಟಿತು. 2023ರ ಸೆಪ್ಟೆಂಬರ್‌ನಲ್ಲಿ, ವಿಡಿಯೋ ಗೇಮ್ ಮಾಡುವ ಟೂಲ್ ಮಾರುವ ಯೂನಿಟಿ ಇದರ ಉಲ್ಟಾ ಮಾಡಿತು. ಒಂದು ಮಿತಿ ದಾಟಿದ ಆಟಗಳ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂದಿತು, ಆಗಲೇ ಬಿಡುಗಡೆಯಾಗಿದ್ದ ಆಟಗಳನ್ನೂ ಸೇರಿಸಿ. ಒಂದು ವರ್ಷದ ಮೇಲೆ ಪೂರ್ತಿ ಕೈಬಿಟ್ಟಿತು. ನಾನೂ ಜೆಟ್‌ಬ್ರೈನ್ಸ್ ಉದಾಹರಣೆ ಕೊಟ್ಟು ನಮ್ಮ ಟೂಲ್‌ನವರಿಗೆ ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ ಬಂತು.

ಬಿಟ್ಟು ಬರುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಟೀಮ್‌ನ 340 ಕ್ವೆರಿಗಳನ್ನು ಎಕ್ಸ್‌ಪೋರ್ಟ್ ಮಾಡಿದರೆ ಒಂದೇ ಒಂದು ಜೇಸನ್ ಫೈಲ್ ಬಂತು. ಅದರೊಳಗೆ ಪ್ರತಿ ಕ್ವೆರಿಯೂ ಒಂದೊಂದು ಉದ್ದನೆಯ ಸಾಲು. ನಲವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದು ಬೇರೆಬೇರೆ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಫೈಲ್ ಮಾಡಿ, ಫೈಲ್ ಬದಲಾವಣೆಗಳನ್ನು ದಾಖಲಿಸುವ ಗಿಟ್‌ಗೆ ಹಾಕಿದೆ. ಈ ಕೆಲಸ ಮೊದಲ ವರ್ಷವೇ ಮಾಡಬೇಕಿತ್ತು, ತಪ್ಪು ನನ್ನದು. ಈಗ ಡಿಬೀವರ್ ಅನ್ನುವ ಇಂಥದ್ದೇ ಟೂಲ್‌ನ ಉಚಿತ ಆವೃತ್ತಿ ಬಳಸ್ತೀವಿ, ಸಣ್ಣಪುಟ್ಟದಕ್ಕೆ ಟರ್ಮಿನಲ್. ಡಿಬೀವರ್ ಶುರುವಾಗುವುದು ನಿಧಾನ. ಬೆರಳುಗಳು ಇನ್ನೂ ಹಳೇ ಶಾರ್ಟ್‌ಕಟ್‌ಗಳನ್ನೇ ಒತ್ತುತ್ತವೆ, ದಿನಕ್ಕೆ ಒಂದು ಸಲವಾದರೂ ಬೇಡದ ಟ್ಯಾಬ್ ಮುಚ್ಚಿಹೋಗುತ್ತದೆ.

ಹೊಸದಾಗಿ ಕೊಳ್ಳುವವರು ಒಬ್ಬರೇ ಇದ್ದರೆ ಒಂದು ತಿಂಗಳು ನೋಡಿ, ಟೂಲ್ ಇಷ್ಟವಾಗುತ್ತದೆ. ಕ್ವೆರಿಗಳನ್ನು ಮಾತ್ರ ಅದರ ಕ್ಲೌಡ್‌ನಲ್ಲಿ ಇಡಬೇಡಿ. ಟೀಮ್‌ಗೆ ತಗೊಳ್ಳುವುದಾದರೆ, ಚಂದಾ ನಿಲ್ಲಿಸಿದ ಮರುದಿನ ಏನೇನು ತೆರೆಯುತ್ತದೆ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ನಮ್ಮಲ್ಲಿ ಏಳು ಸೀಟುಗಳಲ್ಲಿ (ಒಬ್ಬೊಬ್ಬರ ಲೈಸೆನ್ಸ್) ಈಗ ಒಂದೇ ಉಳಿದಿದೆ, ಸ್ಕೀಮಾ ಹೋಲಿಕೆಗೋಸ್ಕರ. ಅದು ಇರುವುದು ಪಕ್ಕದ ಮೇಜಿನ ಸಹೋದ್ಯೋಗಿಯ ಹೆಸರಲ್ಲಿ. ರಿಲೀಸ್ ಇರುವ ದಿನ ನಾವೆಲ್ಲ ಕುರ್ಚಿ ಎಳೆದುಕೊಂಡು ಹೋಗಿ ಅವಳ ಹಿಂದೆ ಕೂರುತ್ತೇವೆ.