ಚೀನಾ ಕಾರ್ಬನ್ ರೋಡ್ ಫ್ರೇಮ್: ಸ್ಟಿಕ್ಕರ್ ಯಾರದು, ಅಚ್ಚು ಯಾರದು?

ಇಲ್ಲಿ ತೂಗಿ ನೋಡುತ್ತಿರುವುದು ಸುಮಾರು 450ರಿಂದ 700 ಡಾಲರಿಗೆ ಸಿಗುವ, ಡಿಸ್ಕ್ ಬ್ರೇಕಿನ ಚೀನಾ ಕಾರ್ಬನ್ ಫ್ರೇಮ್‌ಸೆಟ್‌ಗಳನ್ನು. ಫ್ರೇಮ್, ಮುಂದಿನ ಚಕ್ರ ಹಿಡಿಯುವ ಫೋರ್ಕ್, ಸೀಟ್‌ಪೋಸ್ಟ್, ಹ್ಯಾಂಡಲ್ ತಿರುಗಿಸುವ ಬೇರಿಂಗ್‌ಗಳ ಹೆಡ್‌ಸೆಟ್ ಎಲ್ಲ ಸೇರಿ ಒಂದು ಪೆಟ್ಟಿಗೆ. 54 ಸೈಜಿನಲ್ಲಿ ಫ್ರೇಮ್ ಒಂದೇ 900ರಿಂದ 1,150 ಗ್ರಾಂ ತೂಗುತ್ತದೆ, ಫೋರ್ಕ್ 400 ಗ್ರಾಮಿನ ಆಸುಪಾಸು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಕೊಡಗಿನ ರಸ್ತೆಗೆ ಇವು ಆಗುತ್ತವೆ. ಆದರೆ ಮುಕ್ಕಾಲು ಪಾಲು ಜನ ಆರಿಸುವ ಮಾದರಿ ಆಗುವುದಿಲ್ಲ. ಕಾರಣ ಕಾರ್ಬನ್ ಅಲ್ಲ. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಕ್ಷದ ಬೇರಿಂಗ್ ಕೂರುವ ಜಾಗ) ಮತ್ತು ಹೆಡ್‌ಸೆಟ್.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಇದನ್ನು ನಿಜಕ್ಕೂ ಮಾಡುವವರು ಯಾರು? ಒಬ್ಬರ ಹೆಸರು ಹೇಳಲಾಗದು, ಏಕೆಂದರೆ ಒಂದು ಫ್ರೇಮ್ ನಾಲ್ಕೈದು ಕೈ ದಾಟಿ ಬರುತ್ತದೆ. ಹೊರಗಿನ ಆಕಾರವನ್ನು ಕಂಪ್ಯೂಟರಿನಲ್ಲಿ ಬಿಡಿಸುವವರು ಕಾರ್ಖಾನೆಯ ಎಂಜಿನಿಯರುಗಳು, ಇಲ್ಲವೇ ಹೊರಗಿನ ಡಿಸೈನ್ ಸ್ಟುಡಿಯೊ. ಆ ಆಕಾರ ಹಿಂದಿನ ವರ್ಷ ದೊಡ್ಡ ರೇಸಿನಲ್ಲಿ ಓಡಿದ ಸೈಕಲ್ಲಿಗೆ ಹೋಲುವುದು ಆಕಸ್ಮಿಕವೇನಲ್ಲ. ಉಕ್ಕಿನ ಅಚ್ಚು ಕೊರೆಯುವುದು ಬೇರೆ ವರ್ಕ್‌ಶಾಪ್ ಆಗಿರಬಹುದು. ಕಾರ್ಬನ್ ಪದರಗಳನ್ನು ಕೈಯಲ್ಲಿ ಕೂರಿಸಿ ಬೇಯಿಸುವುದು ಕಾರ್ಖಾನೆ. ಪೇಂಟ್ ಮತ್ತೊಬ್ಬರದು. ವಾಟ್ಸಾಪಿನಲ್ಲಿ ನಿಮ್ಮ ಜೊತೆ ಮಾತಾಡುವ ಸೇಲ್ಸ್‌ನವರು ಎಷ್ಟೋ ಸಲ ಬರೀ ವ್ಯಾಪಾರಿ ಕಂಪನಿಯವರು.

ಈ ಉದ್ಯಮದ ನೆಲೆ ಮುಖ್ಯವಾಗಿ ಎರಡು ಕಡೆ: ಗ್ವಾಂಗ್‌ಡಾಂಗ್ ಪ್ರಾಂತ್ಯದ ಶೆನ್‌ಝೆನ್, ಡಾಂಗ್‌ಗುವಾನ್, ಹುಯಿಝೌ ಸುತ್ತಮುತ್ತ, ಮತ್ತು ಫ್ಯೂಜಿಯನ್ ಪ್ರಾಂತ್ಯದ ಶಿಯಾಮೆನ್‌ನಲ್ಲಿ. ಹಾಂಗ್‌ಫು, ಐಕ್ಯಾನ್ ಶೆನ್‌ಝೆನ್ ಕಡೆಯವು. ವಿನ್‌ಸ್ಪೇಸ್, ಲೈಟ್ ಕಾರ್ಬನ್ ಶಿಯಾಮೆನ್‌ನವು. ದೊಡ್ಡ ಪಾಶ್ಚಾತ್ಯ ಬ್ರಾಂಡುಗಳಿಗೆ ಫ್ರೇಮ್ ಮಾಡಿಕೊಟ್ಟ ತೈವಾನಿನ ಟಾಪ್‌ಕೀ ಕಂಪನಿಯ ಕಾರ್ಖಾನೆಯೂ ಶಿಯಾಮೆನ್‌ನಲ್ಲೇ ಇದೆ. ಹಾಗಂತ ‘ದೊಡ್ಡ ಬ್ರಾಂಡಿನದನ್ನು ಮಾಡುವ ಕಾರ್ಖಾನೆಯಿಂದಲೇ ಬಂದದ್ದು’ ಎಂಬ ಮಾತನ್ನು ನಂಬಬೇಡಿ. ಊರು ಒಂದೇ, ಗೋಡೆ ಬೇರೆ. ಇನ್ನು ಶೆನ್‌ಝೆನ್‌ನ ಸೈಕಲ್ ಕಂಪನಿ ಎಕ್ಸ್‌ಡಿಎಸ್ 2025ರಿಂದ ಅಸ್ತಾನಾ ಎಂಬ ವೃತ್ತಿಪರ ಸೈಕಲ್ ರೇಸ್ ತಂಡದ ಹೆಸರಿನಲ್ಲೇ ಸೇರಿಕೊಂಡಿದೆ. ಅಂಥ ಕಂಪನಿಗಳು ತಮ್ಮದೇ ವಿನ್ಯಾಸ, ತಮ್ಮದೇ ಪರೀಕ್ಷೆ ಇಟ್ಟುಕೊಂಡಿರುವ ಬೇರೆ ವರ್ಗ, ಬೆಲೆಯೂ ಬೇರೆ.

ನಮ್ಮ ಬಜೆಟ್ಟಿನಲ್ಲಿ ಸಿಗುವುದು ಹೆಚ್ಚಾಗಿ ಓಪನ್ ಮೋಲ್ಡ್. ಅಚ್ಚು ಕಾರ್ಖಾನೆಯ ಸ್ವತ್ತು. ಯಾರು ಬೇಕಾದರೂ ತಮ್ಮ ಹೆಸರು ಬರೆಸಿಕೊಂಡು ಕೊಳ್ಳಬಹುದು. ಆದ್ದರಿಂದಲೇ ಒಂದೇ ಫ್ರೇಮ್ ಯುರೋಪಿನಲ್ಲಿ ಒಂದು ಹೆಸರಿನಲ್ಲಿ, ಇಲ್ಲಿ ಮತ್ತೊಂದು ಹೆಸರಿನಲ್ಲಿ, ಕಾರ್ಖಾನೆಯ ಪಟ್ಟಿಯಲ್ಲಿ ಬರೀ ಅಕ್ಷರ-ಅಂಕಿಯಾಗಿ ಇರುತ್ತದೆ. ಕ್ಲೋಸ್ಡ್ ಮೋಲ್ಡ್ ಅಂದರೆ ಅಚ್ಚಿನ ಖರ್ಚನ್ನು ಬ್ರಾಂಡ್ ಕೊಟ್ಟಿರುತ್ತದೆ, ಬೇರೆಯವರಿಗೆ ಮಾರುವಂತಿಲ್ಲ. ಪ್ರತಿ ಸೈಜಿಗೂ ಬೇರೆ ಅಚ್ಚು ಬೇಕಾದ್ದರಿಂದ ಆ ಖರ್ಚು ಸಣ್ಣದಲ್ಲ. ಫೋಟೊದಲ್ಲಿ ಒಂದೇ ಥರ ಕಾಣುವ ಎರಡು ಫ್ರೇಮ್ ಒಂದೇ ಅಚ್ಚಿನವೋ ಅಲ್ಲವೋ ನೋಡಲು ಸುಲಭ ದಾರಿ ಜಿಯೊಮೆಟ್ರಿ ಪಟ್ಟಿ: ಎಲ್ಲ ಸೈಜಿನಲ್ಲೂ ಸ್ಟ್ಯಾಕ್, ರೀಚ್ (ಬಾಟಮ್ ಬ್ರಾಕೆಟ್ಟಿನಿಂದ ಹ್ಯಾಂಡಲ್ ಕಡೆಯ ಕೊಳವೆಯ ತುದಿಗೆ ಇರುವ ಎತ್ತರ ಮತ್ತು ಅಡ್ಡ ದೂರ), ಚೈನ್‌ಸ್ಟೇ (ಬಾಟಮ್ ಬ್ರಾಕೆಟ್ಟಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಉದ್ದ ಮಿಲಿಮೀಟರಿಗೆ ಮಿಲಿಮೀಟರ್ ಹೊಂದಿದರೆ ಅಚ್ಚು ಬಹುತೇಕ ಒಂದೇ. ಸೀಟ್‌ಪೋಸ್ಟ್ ಬಿಗಿಯುವ ವೆಡ್ಜ್ (ಬೆಣೆ) ಮತ್ತು ಹಿಂದಿನ ಗಿಯರ್ ಬದಲಿಸುವ ಡಿರೇಲರ್ ಹಿಡಿಯುವ ಹ್ಯಾಂಗರ್ ಕೂಡ ಒಂದೇ ಆಗಿದ್ದರೆ ಅನುಮಾನವೇ ಬೇಡ.

ಆದರೂ ಅಚ್ಚು ಒಂದೇ ಆದ ಮಾತ್ರಕ್ಕೆ ಫ್ರೇಮ್ ಒಂದೇ ಆಗುವುದಿಲ್ಲ. ನೂಪುಟ್ಟಿನ ಒರಳು ಒಂದೇ ಇದ್ದರೂ ಹಿಟ್ಟಿನ ಹದ ಮನೆಮನೆಗೆ ಬೇರೆ ಇರುವಂತೆ, ಇಲ್ಲಿ ಹದ ಇರುವುದು ಲೇಅಪ್‌ನಲ್ಲಿ, ಅಂದರೆ ಕಾರ್ಬನ್ ಪದರ ಕೂರಿಸುವ ಕ್ರಮದಲ್ಲಿ. ರಾಳ ತುಂಬಿದ ಕಾರ್ಬನ್ ಹಾಳೆ, ಅಂದರೆ ಪ್ರೀಪ್ರೆಗ್, ಫ್ರೀಜರಿನಲ್ಲಿ ಸುಮಾರು -18 ಡಿಗ್ರಿಯಲ್ಲಿ ಇರುತ್ತದೆ. ಅದನ್ನು ನೂರಾರು ತುಂಡಾಗಿ ಕತ್ತರಿಸಿ, ಯಾವ ತುಂಡು ಎಲ್ಲಿ, ಎಳೆ ಯಾವ ಕೋನದಲ್ಲಿ ಎಂಬ ಪಟ್ಟಿ ಹಿಡಿದು ಕೈಯಲ್ಲೇ ಕೂರಿಸುತ್ತಾರೆ. 0 ಡಿಗ್ರಿಯ ಎಳೆ ಬಾಗುವಿಕೆಗೆ, 45 ಡಿಗ್ರಿಯದು ತಿರುಚುವಿಕೆಗೆ. ಒಳಗೆ ಗಾಳಿಚೀಲ ಇಟ್ಟು, ಅಚ್ಚು ಮುಚ್ಚಿ, 120ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಒಳಗಿನಿಂದ ಒತ್ತಡ ಹಾಕುತ್ತಾರೆ. ಚೀಲ ಮೂಲೆಗೆ ಸರಿಯಾಗಿ ತಲುಪದಿದ್ದರೆ ಪದರ ಮಡಚಿಕೊಳ್ಳುತ್ತದೆ ಇಲ್ಲವೇ ಗಾಳಿಗುಳ್ಳೆ ಉಳಿಯುತ್ತದೆ. ಹೆಡ್‌ಟ್ಯೂಬಿನ (ಫೋರ್ಕ್ ಮತ್ತು ಹೆಡ್‌ಸೆಟ್ ಕೂರುವ ಮುಂದಿನ ಕೊಳವೆಯ) ಹಿಂಬದಿ ಮತ್ತು ಬಾಟಮ್ ಬ್ರಾಕೆಟ್ಟಿನ ಸುತ್ತ ಆಕಾರ ಒಮ್ಮೆಲೇ ತಿರುಗುವುದರಿಂದ ಇದು ಹೆಚ್ಚಾಗಿ ಆಗುವುದು ಅಲ್ಲೇ. ಮುಂದಿನ ತ್ರಿಕೋನ ಬೆಂದ ಮೇಲೆ ಹಿಂದಿನ ಚಕ್ರ ಹಿಡಿಯುವ ಚೈನ್‌ಸ್ಟೇ, ಸೀಟ್‌ಸ್ಟೇ ಕೊಳವೆಗಳನ್ನು ಎಪಾಕ್ಸಿಯಲ್ಲಿ ಅಂಟಿಸುತ್ತಾರೆ. ಹಿಂದಿನ ಚಕ್ರ ನೇರ ಕೂರುತ್ತದೋ ಇಲ್ಲವೋ ಎಂಬುದು ಅಂಟಿಸುವಾಗ ನೇರ ಹಿಡಿದಿಡುವ ಜಿಗ್‌ನ ಮೇಲೆ ನಿಂತಿದೆ.

ಜಾಹೀರಾತಿನಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿ ಇರುವುದು ‘ಟಿ800’, ‘ಟಿ1000’. ಇವು ಜಪಾನಿನ ಟೊರೇ ಕಂಪನಿಯ ಎಳೆಗಳ ದರ್ಜೆ. ಟಿ700 ಎಳೆಯ ಗಡಸುತನ (ಎಳೆದಾಗ ಹಿಗ್ಗದಿರುವ ಗುಣ) 230 ಗಿಗಾಪಾಸ್ಕಲ್, ಟಿ800ರದು 294, ಟಿ1000ದೂ 294. ಅಂದರೆ ಟಿ1000 ತುಂಡಾಗದೆ ಹೆಚ್ಚು ಎಳೆತ ತಡೆಯುತ್ತದೆ ಅಷ್ಟೆ, ಟಿ800ಗಿಂತ ಗಡಸು ಅಲ್ಲ. ಇಡೀ ಫ್ರೇಮ್ ಟಿ1000ದಲ್ಲಿ ಎಂದು 500 ಡಾಲರಿಗೆ ಕೊಡುವವರಿದ್ದರೆ, ಎಲ್ಲೋ ಒಂದೆರಡು ತುಂಡು ಇರಬಹುದು ಎಂದುಕೊಳ್ಳುವುದು ಕ್ಷೇಮ. ಚೀನಾದಲ್ಲೇ ಈಗ ಝೋಂಗ್‌ಫು ಶೆನ್‌ಯಿಂಗ್, ವೈಹಾಯಿ ಗ್ವಾಂಗ್‌ವೈನಂಥ ಕಂಪನಿಗಳು ಇದೇ ದರ್ಜೆಯ ಎಳೆ ಮಾಡುತ್ತವೆ. ಹೀಗಾಗಿ ಬರೀ ‘ಟಿ700’ ಎಂದಿದ್ದರೆ ಅದು ಟೊರೇ ಎಂದೇ ಅರ್ಥವಲ್ಲ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ಸರಿಯಾಗಿ ಕೂರಿಸಿದ ಟಿ700 ಫ್ರೇಮ್, ಅವಸರದಲ್ಲಿ ಕೂರಿಸಿದ ಟಿ1000ಕ್ಕಿಂತ ಸಾವಿರ ಪಾಲು ಮೇಲು.

ಯುಸಿಐ, ಅಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಸ್ಟಿಕ್ಕರಿಗೂ ಜನ ಮರುಳಾಗುತ್ತಾರೆ. 2011ರಿಂದ ಇರುವ ಆ ಅನುಮೋದನೆ ನೋಡುವುದು ಆಕಾರ ಮತ್ತು ಅಳತೆ ರೇಸಿನ ನಿಯಮಕ್ಕೆ ಹೊಂದುತ್ತದೆಯೇ ಎಂಬುದನ್ನು, ಫ್ರೇಮಿನ ಬಲವನ್ನಲ್ಲ. ಬಲಕ್ಕೆ ಕೇಳಬೇಕಾದದ್ದು ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4210ರ ವರದಿ. ಅದರಲ್ಲಿ ಪೆಡಲ್ ತುಳಿತದ ಪರೀಕ್ಷೆಯೊಂದೇ 1,00,000 ಸುತ್ತು ನಡೆಯುತ್ತದೆ. ಜೊತೆಗೆ ಮುಂದೆ-ಹಿಂದೆ ಎಳೆಯುವ, ಮೇಲಿನಿಂದ ಒತ್ತುವ, ಭಾರ ಬೀಳಿಸುವ ಪರೀಕ್ಷೆಗಳು. ‘ಪಾಸ್ ಆಗಿದೆ ಸರ್’ ಎಂಬ ಮೆಸೇಜು ವರದಿಯಲ್ಲ. ಪಿಡಿಎಫ್ ಕೇಳಿ. ಅದರಲ್ಲಿ ನೀವು ಕೊಳ್ಳುವ ಮಾದರಿಯ ಸಂಖ್ಯೆ, ಪರೀಕ್ಷಿಸಿದ ಸೈಜು, ಲ್ಯಾಬಿನ ಹೆಸರು, ದಿನಾಂಕ, ಫ್ರೇಮಿನ ಫೋಟೊ ಇರಬೇಕು. ಫೋರ್ಕಿನ ವರದಿ ಬೇರೆಯೇ ಇರಬೇಕು. ಮಾದರಿ ಸಂಖ್ಯೆ ಹೊಂದದ ವರದಿ ಕಳಿಸಿದವರನ್ನು ಅಲ್ಲಿಗೇ ಬಿಟ್ಟುಬಿಡಿ.

ಇನ್ನು ಕೊಡಗಿನ ಮಾತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಒಣಗುವುದೇ ಇಲ್ಲ. ಮಳೆ ಬಿಟ್ಟ ಮೇಲೆ ಗುಂಡಿ, ತೋಟದ ರಸ್ತೆಯಿಂದ ಹರಿದು ಬಂದ ಕೆಂಪು ಮಣ್ಣು. ಫ್ರೇಮಿನ ಕಾರ್ಬನ್ನಿಗೆ ಇದರಿಂದ ಏನೂ ಆಗದು. ಹಾಳಾಗುವುದು ಬೇರಿಂಗ್.

ಪ್ರೆಸ್‌ಫಿಟ್ ಬಾಟಮ್ ಬ್ರಾಕೆಟ್ ಇರುವ ಫ್ರೇಮ್ ಇಲ್ಲಿಗೆ ಬೇಡ. ಅದರ ಒಂದು ಮಾದರಿ ಬಿಬಿ86 ಎಂದರೆ 41 ಮಿ.ಮೀ. ರಂಧ್ರಕ್ಕೆ ಬೇರಿಂಗ್ ಇರುವ ಕಪ್ (ಬಟ್ಟಲು) ಒತ್ತಿ ಕೂರಿಸುವುದು. ಹಿಡಿತವೆಲ್ಲ ರಂಧ್ರದ ನಿಖರತೆಯ ಮೇಲೆ. ಅಗ್ಗದ ಫ್ರೇಮಿನಲ್ಲಿ ರಂಧ್ರ ತುಸು ಮೊಟ್ಟೆಯಾಕಾರವಾಗಿದ್ದರೆ, ಅಥವಾ ಎಡ-ಬಲ ರಂಧ್ರಗಳು ಒಂದೇ ನೇರಕ್ಕೆ ಇಲ್ಲದಿದ್ದರೆ, ತುಳಿದಾಗಲೆಲ್ಲ ಕಪ್ ಅಲುಗುತ್ತದೆ, ಸಂದಿಗೆ ನೀರು-ಮಣ್ಣು ಇಳಿಯುತ್ತದೆ, ಸಂಪಾಜೆ ಘಾಟಿ ಹತ್ತುವಾಗ ‘ಕಟಕ್ ಕಟಕ್’ ಶುರುವಾಗುತ್ತದೆ. ಈಗಾಗಲೇ ಕೊಂಡಿದ್ದರೆ ಎರಡು ಕಪ್‌ಗಳು ಒಂದಕ್ಕೊಂದು ತಿರುಪಿಕೊಳ್ಳುವ ಥ್ರೆಡ್-ಟುಗೆದರ್ ಬಾಟಮ್ ಬ್ರಾಕೆಟ್ ಹಾಕಿಸಿ. ಸದ್ದು ಬಹುಪಾಲು ನಿಲ್ಲುತ್ತದೆ, ಆದರೆ ರಂಧ್ರಗಳ ನೇರ ತಪ್ಪಿದ್ದರೆ ಬೇರಿಂಗ್ ಬೇಗ ಸವೆಯುವುದು ತಪ್ಪದು. ಹೊಸದಾಗಿ ಕೊಳ್ಳುವವರು ಕಪ್ ಒತ್ತದೆ ತಿರುಪಿ ಕೂರಿಸುವ 68 ಮಿ.ಮೀ. ಬಿಎಸ್‌ಎ ಅಥವಾ ಟಿ47 ಥ್ರೆಡ್ ಇರುವುದನ್ನೇ ಕೇಳಿ. 50-80 ಗ್ರಾಂ ಹೆಚ್ಚಾದರೆ ಆಗಲಿ. ಬಿಎಸ್‌ಎ ಆದರೆ ಊರಿನ ಸೈಕಲ್ ಅಂಗಡಿಯಲ್ಲೂ ಬಿಚ್ಚಿ ಗ್ರೀಸ್ ಹಾಕಿ ಕೂರಿಸಬಹುದು. ಬಲಬದಿಯ ಕಪ್ ಉಲ್ಟಾ ಥ್ರೆಡ್ ಎಂಬುದನ್ನು ಮಾತ್ರ ನೆನಪಿಸಿ.

ಎರಡನೆಯದು ಹೆಡ್‌ಸೆಟ್ಟಿನೊಳಗಿಂದ ಹೋಗುವ ಕೇಬಲ್. ನೋಡಲು ಚೆಂದ, ನಿಜ. ಆದರೆ ಬ್ರೇಕ್ ಹೋಸು (ಬ್ರೇಕ್ ದ್ರವದ ಕೊಳವೆ) ಮೇಲಿನ ಬೇರಿಂಗಿನ ನಡುವೆ ಇಳಿಯುವುದರಿಂದ ಬೇರಿಂಗ್ ಬದಲಿಸಲು ಹೋಸು ಕಳಚಬೇಕು, ಅದರ ತುದಿಯನ್ನು ಸೋರದಂತೆ ಕೂರಿಸುವ ಹೊಸ ಆಲಿವ್ ಮತ್ತು ಇನ್ಸರ್ಟ್ ಹಾಕಬೇಕು, ದ್ರವದೊಳಗಿನ ಗಾಳಿ ಹೊರಹಾಕಲು ಬ್ಲೀಡ್ ಮಾಡಬೇಕು. 52 ಮಿ.ಮೀ. ಅಗಲದ ಆ ಬೇರಿಂಗಿನ ಮೇಲೆ ಮಳೆನೀರು ನೇರವಾಗಿ ಕೂರುತ್ತದೆ. ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಹ್ಯಾಂಡಲ್ ತಿರುಗಿಸುವಾಗ ಗರಗರ ಎನ್ನುವುದು ಸಾಮಾನ್ಯ. ಗಿಯರ್ ಕೂಡ ಮೆಕ್ಯಾನಿಕಲ್ ಆದರೆ ಕೇಬಲ್ಲಿನ ತಿರುವುಗಳು ಹೆಚ್ಚಿ ಶಿಫ್ಟಿಂಗ್ ಭಾರವಾಗುತ್ತದೆ. ಡೌನ್‌ಟ್ಯೂಬಿನ ಪಕ್ಕದಿಂದ ಕೇಬಲ್ ಒಳಹೋಗುವ ಹಳೆಯ ಮಾದರಿ ಇನ್ನೂ ಕೆಲವು ಕಾರ್ಖಾನೆಗಳ ಪಟ್ಟಿಯಲ್ಲಿದೆ. ನಮ್ಮ ಆಯ್ಕೆ ಅದೇ. ಹೆಡ್‌ಸೆಟ್ ಮಾದರಿಯನ್ನೇ ಕೊಳ್ಳುವುದಾದರೆ ಸ್ಟೇನ್‌ಲೆಸ್ ಬೇರಿಂಗ್ ಹಾಕಿಸಿ, ಹೋಸು ಸ್ಟೀಯರರ್‌ಗೆ (ಹೆಡ್‌ಟ್ಯೂಬಿನೊಳಗೆ ಹೋಗುವ ಫೋರ್ಕಿನ ಕೊಳವೆಗೆ) ಉಜ್ಜುತ್ತಿದೆಯೇ ಎಂದು ಪ್ರತಿ ಸರ್ವಿಸಿನಲ್ಲೂ ನೋಡಿ. ಕಾರ್ಬನ್ ಸ್ಟೀಯರರ್ ಮೇಲೆ ಗೀರು ಬಿದ್ದು ತಗ್ಗಾದರೆ ಫೋರ್ಕ್ ಬದಲಿಸುವುದೊಂದೇ ದಾರಿ.

ಟೈರಿಗೆ 32 ಮಿ.ಮೀ. ಜಾಗ ಇರಲೇಬೇಕು. ಪಟ್ಟಿಯಲ್ಲಿ 28 ಎಂದಿದ್ದರೆ ಮಣ್ಣು ಮೆತ್ತಿದ ದಿನ ಚೈನ್‌ಸ್ಟೇ ಒಳಮೈಯ ಪೇಂಟ್ ಹೋಗಿ ಕಾರ್ಬನ್ ತೇಯುತ್ತದೆ. ಬ್ರೇಕಿಗೆ ಮುಂದೆ 160 ಮಿ.ಮೀ. ಡಿಸ್ಕ್ ಇರಲಿ; ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವಂಥ ಉದ್ದ ಇಳಿಜಾರಿನಲ್ಲಿ ಮೈತೂಕ 75 ಕಿಲೋ ದಾಟಿದವರಿಗೆ ಹಿಂದೆಯೂ 160 ಒಳ್ಳೆಯದು.

ತರಿಸುವ ವಿಚಾರ. ಅಲಿಎಕ್ಸ್‌ಪ್ರೆಸ್ ನವೆಂಬರ್ 2020ರಿಂದ ಭಾರತದಲ್ಲಿ ನಿಷೇಧದಲ್ಲಿದೆ. ಆದ್ದರಿಂದ ಇಲ್ಲಿಂದ ಕೊಳ್ಳುವುದು ಮಾರುವವರ ಸ್ವಂತ ಜಾಲತಾಣದಿಂದ ಅಥವಾ ನೇರ ಮೆಸೇಜಿನಿಂದ. ಹಣ ವಾಪಸ್ ಪಡೆಯುವ ದಾರಿ ಇರುವ ವಿಧಾನದಲ್ಲೇ ಪಾವತಿಸಿ. ಬೆಲೆಯ ಮೇಲೆ ಸಾಗಣೆ, ಆಮದು ಸುಂಕ, ಐಜಿಎಸ್‌ಟಿ ಸೇರುತ್ತವೆ. ‘ಬಿಲ್ಲಿನಲ್ಲಿ ಕಡಿಮೆ ತೋರಿಸುತ್ತೇವೆ’ ಎಂದರೆ ಒಪ್ಪಬೇಡಿ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ದಂಡ ನಿಮ್ಮದು. ದೊಡ್ಡ ಬ್ರಾಂಡಿನ ಹೆಸರು ಬರೆದ ನಕಲಿ ಫ್ರೇಮಂತೂ ಬೇಡವೇ ಬೇಡ, ಅದನ್ನು ಕಸ್ಟಮ್ಸ್ ಮುಟ್ಟುಗೋಲು ಹಾಕಬಹುದು.

ಪೆಟ್ಟಿಗೆ ಬಂದ ದಿನ ಬಿಚ್ಚುವುದರಿಂದಲೇ ವಿಡಿಯೊ ಮಾಡಿ. ಆಮೇಲೆ ಬಿಡಿಭಾಗ ಜೋಡಿಸುವ ಮೊದಲು ಅಳತೆ. ಗಟ್ಟಿ ದಾರವೊಂದನ್ನು ಹಿಂದಿನ ಎಡ ಡ್ರಾಪ್‌ಔಟ್‌ನಿಂದ (ಚಕ್ರದ ಅಕ್ಷ ಕೂರುವ ಜಾಗದಿಂದ) ಹೆಡ್‌ಟ್ಯೂಬ್ ಸುತ್ತಿಸಿ ಬಲ ಡ್ರಾಪ್‌ಔಟ್‌ಗೆ ಬಿಗಿಯಾಗಿ ಕಟ್ಟಿ. ದಾರದಿಂದ ಸೀಟ್‌ಟ್ಯೂಬಿಗೆ ಎರಡೂ ಬದಿ ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಮೀರಿದರೆ ಫೋಟೊ ಸಹಿತ ದೂರು ಕೊಡಿ. ಹಿಂದಿನ ಚಕ್ರ ಹಾಕಿ ರಿಮ್ಮಿನಿಂದ ಎರಡೂ ಚೈನ್‌ಸ್ಟೇಗೆ ಅಂತರ ನೋಡಿ. ಓರೆ ಕಂಡರೆ ಡಿಸ್ಕ್, ಕ್ಯಾಸೆಟ್ ಬಿಚ್ಚಿ ಚಕ್ರವನ್ನು ತಿರುಗಿಸಿ ಹಾಕಿ: ಓರೆಯೂ ತಿರುಗಿದರೆ ತಪ್ಪು ಚಕ್ರದ್ದು, ಅದೇ ಬದಿಯಲ್ಲಿ ಉಳಿದರೆ ಫ್ರೇಮಿನದು. ಮೊಬೈಲ್ ಟಾರ್ಚ್ ಹಾಕಿ ಬಾಟಮ್ ಬ್ರಾಕೆಟ್, ಹೆಡ್‌ಟ್ಯೂಬ್, ಸ್ಟೀಯರರ್‌ಗಳ ಒಳಗೆ ನೋಡಿ. ಚೀಲದ ಚೂರು, ಸಡಿಲ ರಾಳ ಅಂಟಿಕೊಂಡಿದ್ದರೆ ಗಾಬರಿ ಬೇಡ, ಕಿತ್ತು ತೆಗೆಯಿರಿ. ಪದರವೇ ಮಡಚಿ ಉಗುರಿಗೆ ಸಿಗುವಷ್ಟು ಏಣು ಇದ್ದರೆ, ಅದರಲ್ಲೂ ಸ್ಟೀಯರರ್‌ನಲ್ಲಿ ಇದ್ದರೆ, ಸವಾರಿ ಮಾಡಬೇಡಿ. ನಾಣ್ಯದಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಎನ್ನುವ ಸದ್ದು ನಡುವೆ ಒಂದು ಕಡೆ ಮಂದವಾದರೆ ಎದುರು ಬದಿಯ ಅದೇ ಜಾಗದಲ್ಲೂ ತಟ್ಟಿ ಹೋಲಿಸಿ.

ಡಿಸ್ಕ್ ಹಿಡಿದು ನಿಲ್ಲಿಸುವ ಕ್ಯಾಲಿಪರ್ ಕೂರುವ ಜಾಗದಲ್ಲಿ ಪೇಂಟ್ ದಪ್ಪಗಾಗಿ ಮೇಲ್ಮೈ ಸಮ ಇರುವುದಿಲ್ಲ. ಬೋಲ್ಟ್ ಬಿಗಿದಂತೆಲ್ಲ ಕ್ಯಾಲಿಪರ್ ಓರೆಯಾಗಿ ಡಿಸ್ಕ್ ಉಜ್ಜುತ್ತದೆ. ಮೇಲ್ಮೈ ಕೊರೆದು ಸಮ ಮಾಡುವ ಫೇಸಿಂಗ್ ಉಪಕರಣ ಇರುವ ವರ್ಕ್‌ಶಾಪಿನಲ್ಲೇ ಸರಿಮಾಡಿಸಬೇಕು, ಬಹುಶಃ ಮೈಸೂರಿಗೋ ಬೆಂಗಳೂರಿಗೋ ಒಯ್ಯಬೇಕಾದೀತು. ಹಿಂದಿನ ಕ್ಯಾಲಿಪರ್ ಬೋಲ್ಟಿನ ಉದ್ದ ಚೈನ್‌ಸ್ಟೇ ದಪ್ಪಕ್ಕೆ ತಕ್ಕಂತೆ ಇರಬೇಕು; ಜೊತೆಯಲ್ಲಿ ಬಂದದ್ದನ್ನೇ ಕಣ್ಣುಮುಚ್ಚಿ ಹಾಕಬೇಡಿ. ಚಕ್ರವನ್ನು ಫ್ರೇಮಿಗೆ ಬಿಗಿಯುವ ಥ್ರೂ ಆಕ್ಸಲ್‌ನ ಥ್ರೆಡ್ ಪಿಚ್ (ತಿರುಪಿನ ಸುತ್ತುಗಳ ಅಂತರ) 1.0, 1.5, 1.75 ಹೀಗೆ ಬೇರೆಬೇರೆ ಇರುತ್ತದೆ, ಬರೆದಿಟ್ಟುಕೊಳ್ಳಿ. ಆರ್ಡರ್ ಮಾಡುವಾಗಲೇ ಎರಡು ಹ್ಯಾಂಗರ್, ಒಂದು ಸೀಟ್‌ಪೋಸ್ಟ್ ವೆಡ್ಜ್, ಒಂದು ಜೊತೆ ಹೆಡ್‌ಸೆಟ್ ಬೇರಿಂಗ್ ಹೆಚ್ಚಿಗೆ ತರಿಸಿ. ಎರಡು ವರ್ಷದ ಮೇಲೆ ಆ ವೆಡ್ಜ್ ಎಲ್ಲೂ ಸಿಗದಿರಬಹುದು. ಹ್ಯಾಂಗರ್ ಮಾತ್ರ ಯುಡಿಎಚ್ (ಹಲವು ಬ್ರಾಂಡಿನ ಫ್ರೇಮಿಗೆ ಹೊಂದುವ ಸಾಮಾನ್ಯ ಹ್ಯಾಂಗರ್) ಮಾದರಿಯದಾದರೆ ಅದರ ಚಿಂತೆ ಇಲ್ಲ.

ಸೀಟ್‌ಪೋಸ್ಟಿಗೆ ಗ್ರೀಸ್ ಬೇಡ, ಕಾರ್ಬನ್ ಪೇಸ್ಟ್ ಹಚ್ಚಿ 5-6 ನ್ಯೂಟನ್ ಮೀಟರ್. ಹ್ಯಾಂಡಲನ್ನು ಸ್ಟೀಯರರ್‌ಗೆ ಸೇರಿಸುವ ಸ್ಟೆಮ್‌ನ ಬೋಲ್ಟಿಗೆ 5. ಸ್ಟೀಯರರ್ ಒಳಗೆ ಹಿಗ್ಗಿಸಿ ಬಿಗಿಯುವ ಎಕ್ಸ್‌ಪ್ಯಾಂಡರ್ ಸ್ಟೆಮ್ ಹಿಡಿಯುವ ಜಾಗದಷ್ಟು ಉದ್ದ ಇರಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟ್‌ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ ನೀರು ಬಸಿಯಿರಿ. ಬಾಟಮ್ ಬ್ರಾಕೆಟ್ ಕೆಳಗೆ ಬಸಿಯುವ ತೂತು ಇದ್ದರೆ ಮಣ್ಣು ಕಟ್ಟಿಕೊಂಡಿದೆಯೇ ನೋಡಿ. ಅಲ್ಯುಮಿನಿಯಂ ವೆಡ್ಜ್ ಒದ್ದೆ ಕಾರ್ಬನ್ನಿಗೆ ತಾಗಿಕೊಂಡೇ ಇದ್ದರೆ ಬಿಳಿ ಪುಡಿ ಕಟ್ಟಿ ಕಚ್ಚಿಕೊಳ್ಳುತ್ತದೆ; ಆಗಸ್ಟಿನಲ್ಲಿ ಬಿಚ್ಚದವರು ಅಕ್ಟೋಬರಿನಲ್ಲಿ ಸುತ್ತಿಗೆ ಹುಡುಕುತ್ತಾರೆ.